ಹನ್ನೊಂದನೇ ಪ್ರಶ್ನೆ

ಏಪೆಕ್ಸ್ ಎಂಬ ಊರಿನ ರಾಜಲಕ್ಷ್ಮಮ್ಮ ಅರವತ್ತೈದನೇ ವಯಸ್ಸಿನಲ್ಲಿ ಪುಸ್ತಕದ ಚೀಲ ಹೆಗಲಿಗೇರಿಸಿಕೊಂಡು ಬೆಲರೂಸಿಯನ್ ಭಾಷೆ ಕಲಿಯಲು ಯೂನಿವರ್ಸಿಟಿಗೆ ಹೊರಟರು ಎಂಬ ಸುದ್ದಿ ಅಲ್ಲಿನ ಕನ್ನಡದವರ ನಡುವೆ ಹಬ್ಬಲು ಒಂದು ವಾರಾಂತ್ಯ ಸಾಕಾಯಿತು. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ, ಸಪಾದದ ಬಟ್ಟಲು ಕೈಯಲ್ಲಿ ಹಿಡಿದೇ ಜನ ಅವರನ್ನು ಸುತ್ತುವರಿದರು.

"ಬೆಲರೂಸಿಯನ್ನಾ ಆಂಟಿ? ಸ್ಪ್ಯಾನಿಷ್ ಆದ್ರೂ ಕಲೀಬಾರ್ದಿತ್ತಾ, ಯೂಸ್ ಆಗ್ತಿತ್ತು."

"ಟೈಮ್ ಪಾಸ್‌ಗೆ ಅಂದ್ರೆ ನಮ್ ಯೋಗ ಕ್ಲಾಸ್ ಜಾಯಿನ್ ಆಗಿ ಆಂಟಿ. ಇಲ್ಲೇ ಐದು ನಿಮಿಷ ಡ್ರೈವ್."

ರಾಜಲಕ್ಷ್ಮಮ್ಮ ಯಾರಿಗೂ ಉತ್ತರ ಕೊಡಲಿಲ್ಲ. ಕೊಡಬೇಕೆಂದರೆ ಪೂಜೆಯ ಮನೆಯಲ್ಲಿ ಸಾವಿನ ಮಾತು ಎತ್ತಬೇಕಾಗಿತ್ತು. ಜನಕ್ಕೇನು, ನಾಲಿಗೆಗೆ ಬಂದದ್ದು ಅಂದುಬಿಟ್ಟು ಕೈ ತೊಳೆಯಲು ಹೋಗುತ್ತಾರೆ. ಅಂದವರಿಗೆ ಅರ್ಧ ಗಂಟೆಯಲ್ಲಿ ಮರೆತುಹೋಗಿರುತ್ತದೆ.

ಅವರ ಸಂಗತಿಯನ್ನು ಮೊದಲಿನಿಂದಲೇ ಹೇಳಬೇಕು. ರಾಜಲಕ್ಷ್ಮಮ್ಮ ಮೈಸೂರಿನವರು. ಬಿ.ಎಸ್ಸಿ. ಮುಗಿಸಿ, ದತ್ತಾತ್ರೇಯರನ್ನು ಮದುವೆಯಾಗಿ, ಎಪ್ಪತ್ತರಲ್ಲಿ ಈ ದೇಶಕ್ಕೆ ಬಂದವರು. ಗಂಡ ರಸ್ತೆ ಇಲಾಖೆಯಲ್ಲಿ ಎಂಜಿನಿಯರ್. ಇವರು ಇಪ್ಪತ್ತೆಂಟು ವರ್ಷ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ಪರೀಕ್ಷೆ ಮಾಡಿಕೊಂಡಿದ್ದು ನಿವೃತ್ತರಾದರು. ಮದುವೆಯಾಗಿ ಎಂಟು ವರ್ಷಕ್ಕೆ, ಇನ್ನು ಮಕ್ಕಳಾಗುವುದಿಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದಾಗ ಹುಟ್ಟಿದವನು ಚಿರಾಗ. ಒಬ್ಬನೇ ಮಗ. "ಅಮ್ಮಾ, ನಾನು ತುಂಬಾ ಹಸಿವು ಆಗಿದ್ದೀನಿ" ಎನ್ನುವಂಥ ಕನ್ನಡ ಅವನದು. ಆ ಕನ್ನಡವನ್ನು ತಿದ್ದಿದರೆ ಆಡುವುದನ್ನೇ ಬಿಟ್ಟಾನು ಎಂದು ತಾಯಿ ತಿದ್ದಲಿಲ್ಲ.

ಚಿರಾಗ ಇಪ್ಪತ್ತೈದರಲ್ಲಿ ಅಲೆಸ್ಯಾ ಎಂಬ ಹುಡುಗಿಯನ್ನು ಕರೆದುಕೊಂಡು ಬಂದ. ಬೆಲರೂಸ್ ದೇಶದವಳು, ಸ್ಟ್ಯಾಟಿಸ್ಟಿಕ್ಸ್ ಓದಲು ಬಂದಿದ್ದವಳು. ಅಪ್ಪ ಅಮ್ಮ ಇಲ್ಲ, ಹಳ್ಳಿಯಲ್ಲಿ ಅಜ್ಜಿಯೇ ಸಾಕಿದ್ದು. ರಾಜಲಕ್ಷ್ಮಮ್ಮ ಮೂರು ದಿನ ಮುಖ ಊದಿಸಿಕೊಂಡಿದ್ದು, ನಾಲ್ಕನೇ ದಿನ ಹುಡುಗಿಗೆ ರೇಷ್ಮೆ ಸೀರೆ ಉಡಿಸಲು ಕೂತರು. ಹುಡುಗಿ ಒಳ್ಳೆಯವಳೇ. ಅದನ್ನು ಅವರು ಯಾವತ್ತೂ ಅಲ್ಲಗಳೆಯಲಿಲ್ಲ.

ಎರಡು ಸಾವಿರದ ಐದನೇ ಇಸವಿಯ ಜನವರಿಯಲ್ಲಿ ಅಷ್ಟರಲ್ಲಿ ಮದುವೆಯಾಗಿದ್ದ ಚಿರಾಗ, ಅಲೆಸ್ಯಾ ಇಬ್ಬರೂ ಆ ಅಜ್ಜಿಯನ್ನು ನೋಡಲು ಹೋದರು. ಅಲ್ಲಿಯೇ, ಹಿಮ ಬಿದ್ದು ದಾರಿ ಮುಚ್ಚಿದ ಹಳ್ಳಿಯಲ್ಲಿ, ಚಿರಾಗನ ಅಪೆಂಡಿಕ್ಸ್ ಒಡೆಯಿತು. ಆಂಬುಲೆನ್ಸಿಗೆ ದಾರಿ ತೋರಿಸಲು ಅಲೆಸ್ಯಾ ಪಕ್ಕದ ಮನೆಯವನ ಟ್ರ್ಯಾಕ್ಟರ್ ಹತ್ತಿ ಹೆದ್ದಾರಿಗೆ ಹೋದಳು. ಅವಳು ಹಿಂದಿರುಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆ ಉಸಿರಿನ ಹೊತ್ತಿನಲ್ಲಿ ಅವನ ಹತ್ತಿರ ಇದ್ದವರು ಅಜ್ಜಿ ಒಬ್ಬರೇ.

ದೇಹ ಬಂತು. ಅಪ್ಪನೇ ಮಗನಿಗೆ ಮಾಡಬೇಕಾಗಿ ಬಂತು. ಕ್ರಿಯೆ ಮಾಡಿಸಲು ಬಂದ ಗುರುರಾಜಾಚಾರ್ಯರು ದರ್ಭೆ ಜೋಡಿಸಿಕೊಳ್ಳುತ್ತಾ, ಎಲ್ಲರ ಮನೆಯಲ್ಲೂ ಕೇಳುವ ಹಾಗೆ ಕೇಳಿದರು: "ಕೊನೆಗೆ ಬಾಯಿಗೆ ನೀರು ಬಿಟ್ಟಿದ್ರಾ?"

ದತ್ತಾತ್ರೇಯರು ಹೆಂಡತಿಯ ಮುಖ ನೋಡಿದರು. ಹೆಂಡತಿ ಸೊಸೆಯ ಮುಖ ನೋಡಿದರು. ಸೊಸೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಆಚಾರ್ಯರು "ಇರಲಿ, ಇರಲಿ" ಎಂದು ಮುಂದುವರಿದರು. ಅವರ ತಪ್ಪೇನೂ ಇಲ್ಲ. ಆದರೆ ಆ ಪ್ರಶ್ನೆ ರಾಜಲಕ್ಷ್ಮಮ್ಮನ ಎದೆಯಲ್ಲಿ ನಾಟಿ ಕೂತಿತು. ಹೆತ್ತ ಮಗ ಬಾಯಾರಿಕೊಂಡು ಹೋದನೋ, ತುಟಿ ತೇವವಾಗಿ ಹೋದನೋ? ನಾನಿದ್ದಿದ್ದರೆ ಒಂದು ಉದ್ಧರಣೆ ನೀರು ಬಿಡುತ್ತಿರಲಿಲ್ಲವೇ? ಹಗಲೂ ಇರುಳೂ ಇದೇ, ಒಲೆಯ ಮುಂದೆ ನಿಂತರೂ ಇದೇ.

ಒಂದು ತಿಂಗಳ ಮೇಲೆ ಅಲೆಸ್ಯಾಳಿಂದ ಅಜ್ಜಿಗೆ ಫೋನ್ ಮಾಡಿಸಿದರು. ಅಲ್ಲಿ ಅಜ್ಜಿಗೆ ಬಾಬಾ ಎನ್ನುತ್ತಾರೆ. ನಮ್ಮ ಕಿವಿಗೆ ಗಡ್ಡದ ಸ್ವಾಮಿಗಳು ನೆನಪಾದರೆ ತಪ್ಪಿಲ್ಲ, ಅವರ ಪದ್ಧತಿ ಅವರಿಗೆ. ಬಾಬಾ ಸ್ತೇಫಾ ಸ್ಪೀಕರ್ ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರು, ನಡುನಡುವೆ ಅತ್ತರು, ಮತ್ತೆ ಮಾತಾಡಿದರು. ಅಲೆಸ್ಯಾ ಎಲ್ಲ ಕೇಳಿಸಿಕೊಂಡು, ಇಂಗ್ಲಿಷಿನಲ್ಲಿ, ಅವನು ಒಳ್ಳೆಯ ಹುಡುಗ, ಶಾಂತವಾಗಿ ಹೋದ ಎನ್ನುತ್ತಿದ್ದಾಳೆ, ಅಂದಳು.

"ಅಷ್ಟೇನಾ?" ರಾಜಲಕ್ಷ್ಮಮ್ಮನಿಗೆ ಉರಿದುಹೋಯಿತು. "ಹತ್ತು ನಿಮಿಷ ಮಾತಾಡಿದ್ದಕ್ಕೆ ಇಷ್ಟೇನಾ? ನೀರು ಕೊಟ್ರಾ ಕೇಳು."

ಅಲೆಸ್ಯಾ ತಲೆ ಅಲ್ಲಾಡಿಸಿದಳು. ಇನ್ನೊಮ್ಮೆ ಕೇಳು ಎಂದದ್ದಕ್ಕೆ, "ಅಮ್ಮಾ, ಪ್ಲೀಸ್" ಎಂದು ಫೋನ್ ಇಟ್ಟೇಬಿಟ್ಟಳು. ಆಮೇಲೆ ಆಡಬಾರದ ಮಾತುಗಳು ನಡೆದವು. ಆಡಿದವರು ಹೆಚ್ಚಾಗಿ ರಾಜಲಕ್ಷ್ಮಮ್ಮನೇ. ಬೇಸಿಗೆಯಲ್ಲಿ ಅಲೆಸ್ಯಾ ದೂರದ ಶಾರ್ಲೆಟ್ ಊರಿನಲ್ಲಿ ಕೆಲಸ ಹಿಡಿದು ಹೊರಟುಹೋದಳು.

ಆಗ ಹುಟ್ಟಿದ್ದು ಈ ಹಟ. ಮಧ್ಯೆ ಯಾರೂ ಬೇಡ, ಆ ಮುದುಕಿಯನ್ನು ನಾನೇ ಕೇಳುತ್ತೇನೆ, ಅವಳ ಭಾಷೆಯಲ್ಲೇ ಕೇಳುತ್ತೇನೆ! ಕಾರಿನಲ್ಲಿ ಮುಕ್ಕಾಲು ಗಂಟೆಯ ದೂರದ ಯೂನಿವರ್ಸಿಟಿಯಲ್ಲಿ ಆ ಭಾಷೆ ಕಲಿಸುತ್ತಾರೆಂದೂ, ವಯಸ್ಸಾದವರು ಹೋಗಿ ಪಾಠಕ್ಕೆ ಕೂರಬಹುದೆಂದೂ ಲೈಬ್ರರಿಯಲ್ಲಿ ವಿಚಾರಿಸಿ ತಿಳಿದುಕೊಂಡರು.

"ತಿಳ್ಕೊಂಡು ಏನ್ ಮಾಡ್ತೀಯ ರಾಜಿ?" ಎಂದರು ದತ್ತಾತ್ರೇಯರು. "ಕೊಟ್ಟರು ಅಂದ್ರೂ ಅವನು ಬರಲ್ಲ, ಕೊಡಲಿಲ್ಲ ಅಂದ್ರೂ ಬರಲ್ಲ."

"ನಿಮಗೆ ಬೇಡವಾದ್ರೆ ಬೇಡ. ನನಗೆ ಬೇಕು. ಹೈವೇಲಿ ನನಗೆ ಡ್ರೈವ್ ಮಾಡಕ್ಕಾಗಲ್ಲ, ಕರ್ಕೊಂಡು ಹೋಗ್ತೀರೋ ಇಲ್ವೋ ಹೇಳಿ."

ಕರೆದುಕೊಂಡು ಹೋದರು. ವಾರಕ್ಕೆ ಮೂರು ದಿನ, ಎರಡು ವರ್ಷ. ಪಾಠ ಮುಗಿಯುವವರೆಗೆ ಕಾರಿನಲ್ಲಿ ಪೇಪರ್ ಹಿಡಿದು ಕೂತಿರುತ್ತಿದ್ದರು. ಏನು ಕಲಿತೆ ಎಂದು ಒಂದು ದಿನವೂ ಕೇಳಲಿಲ್ಲ.

ತರಗತಿಯಲ್ಲಿ ನಾಲ್ಕೇ ಜನ. ಮೂವರು ಮೊಮ್ಮಕ್ಕಳ ವಯಸ್ಸಿನವರು. ಪಾಠ ಹೇಳುವ ಯಾದ್ವಿಗಾ ಮೇಡಂ ಬೆಲರೂಸಿನವರೇ, ಐವತ್ತರ ಹತ್ತಿರದ ಕಟ್ಟುನಿಟ್ಟಿನ ಹೆಂಗಸು. ನಮ್ಮ ದೇಶದಲ್ಲೇ ಪೇಟೆಯ ಜನ ಈ ಭಾಷೆ ಬಿಟ್ಟು ರಷ್ಯನ್ ಆಡುತ್ತಾರೆ, ಇದನ್ನು ಹಳ್ಳಿಯ ಮುದುಕಿಯರು ಉಳಿಸಿಕೊಂಡಿದ್ದಾರೆ, ಎಂದು ಮೊದಲ ದಿನವೇ ಹೇಳಿದ್ದರು. ನನಗೆ ಬೇಕಾದದ್ದೂ ಒಬ್ಬ ಹಳ್ಳಿಯ ಮುದುಕಿಯೇ ಎಂದು ರಾಜಲಕ್ಷ್ಮಮ್ಮ ಮನಸ್ಸಿನಲ್ಲೇ ಅಂದುಕೊಂಡರು.

ಮೊದಲ ವರ್ಷ ಅಕ್ಷರ, ಅಂಕಿ, ನಮಸ್ಕಾರ, ಹೇಗಿದ್ದೀರಿ. ಅದು ದಾಟಿತು. ಎರಡನೇ ವರ್ಷದ ಮಧ್ಯಮ ತರಗತಿ ಮಾತ್ರ ಬೆವರಿಳಿಸಿತು. ಅಲ್ಲಿ ನಾಮಪದಕ್ಕೆ ಆರು ವಿಭಕ್ತಿ. ಕೈಲ್ ಎಂಬ ಹುಡುಗ ತಲೆ ಮೇಲೆ ಕೈ ಹೊತ್ತು ಕೂತ. ರಾಜಲಕ್ಷ್ಮಮ್ಮನಿಗೆ ಅದೇನು ಮಹಾ! ಮೈಸೂರಿನ ಹೈಸ್ಕೂಲಿನಲ್ಲಿ ರಾಮಃ ರಾಮೌ ರಾಮಾಃ ಎಂದು ಉರು ಹೊಡೆದ ಜೀವ. ನೋಟ್‌ಬುಕ್ಕಿನಲ್ಲಿ ಪ್ರಥಮಾ, ದ್ವಿತೀಯಾ, ತೃತೀಯಾ ಎಂದು ಕನ್ನಡದಲ್ಲೇ ಗೆರೆ ಹಾಕಿ, ಬೆಲರೂಸಿಯನ್ ಪದಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದುಕೊಂಡರು. ಯಾದ್ವಿಗಾ ಮೇಡಂ ಬಗ್ಗಿ ನೋಡಿ, ದುಂಡಗಿನ ಈ ಅಕ್ಷರದಲ್ಲಿ ನನ್ನ ಭಾಷೆಯನ್ನು ಯಾರೂ ಬರೆದಿರಲಿಕ್ಕಿಲ್ಲ ಎಂದು ನಕ್ಕರು.

ವಿಭಕ್ತಿಯಲ್ಲಿ ಗೆದ್ದವರು ಕ್ರಿಯಾಪದದಲ್ಲಿ ಸೋತರು. ನಡೆದು ಹೋದರೆ ಒಂದು ಮಾತು, ಗಾಡಿಯಲ್ಲಿ ಹೋದರೆ ಇನ್ನೊಂದು, ಹೋಗಿ ಬಂದು ಮಾಡುತ್ತಿದ್ದರೆ ಮತ್ತೊಂದು. ರಾತ್ರಿ ಕಲಿತದ್ದು ಬೆಳಿಗ್ಗೆ ಇರುತ್ತಿರಲಿಲ್ಲ. ಸಾರು ಕುದಿಯುವಾಗ ಒಲೆಯ ಮುಂದೆ ಗುನುಗಿಕೊಂಡರು, ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದರು. ಎಂಬತ್ತಾರರ ಆ ಅಜ್ಜಿ ನಾನು ಕಲಿಯುವಷ್ಟರಲ್ಲಿ ಹೋಗಿಬಿಟ್ಟರೆ ಎಂಬ ಭಯ ಒಳಗೇ ಕುಟುಕುತ್ತಿತ್ತು. ಒಂದು ಪರೀಕ್ಷೆಯಲ್ಲಿ ನೂರಕ್ಕೆ ನಲವತ್ತೊಂದು ಬಂದ ದಿನ, ಕಾರಿನಲ್ಲಿ ಕೂತು ಎಳೆಯ ಹುಡುಗಿಯ ಹಾಗೆ ಅತ್ತುಬಿಟ್ಟರು. ದತ್ತಾತ್ರೇಯರು ಗಾಡಿ ನಿಲ್ಲಿಸಿ ಒಂದು ಕಾಫಿ ತಂದುಕೊಟ್ಟರು.

ಎರಡನೇ ವರ್ಷದ ಕೊನೆಗೆ, ಎರಡು ಸಾವಿರದ ಏಳರ ಏಪ್ರಿಲ್ಲಿನಲ್ಲಿ, ಮೇಡಂ ಎಲ್ಲರಿಗೂ ಒಂದು ಕೆಲಸ ಕೊಟ್ಟರು. ಭಾಷೆ ಬಲ್ಲ ಒಬ್ಬ ಹಿರಿಯರೊಂದಿಗೆ ಕಾಲು ಗಂಟೆ ಮಾತಾಡಿ ಬಂದು, ಅವರ ಬದುಕಿನ ಬಗ್ಗೆ ಒಂದು ಪುಟ ಬರೆಯಬೇಕು. ಪ್ರಶ್ನೆಗಳನ್ನು ಮೊದಲೇ ತೋರಿಸಬೇಕು. ನಮ್ಮ ರಾಜಧಾನಿ ಮಿನ್ಸ್ಕಿನಲ್ಲಿ ನನ್ನ ಚಿಕ್ಕಮ್ಮ ಇದ್ದಾರೆ, ನಂಬರ್ ಕೊಡಲಾ ಎಂದು ಮೇಡಂ ಕೇಳಿದರೆ, "ನನಗೆ ಜನ ಇದ್ದಾರೆ" ಎಂದರು ರಾಜಲಕ್ಷ್ಮಮ್ಮ.

ಹನ್ನೊಂದು ಪ್ರಶ್ನೆ ಬರೆದು ಮೇಡಂ ಕೋಣೆಗೆ ಹೋದರು. ಹೆಸರೇನು, ಹುಟ್ಟಿದ್ದು ಎಲ್ಲಿ, ಹಸು ಎಷ್ಟಿವೆ, ಹೊಲದಲ್ಲಿ ಏನು ಬಿತ್ತುತ್ತೀರಿ. ಒಂದೊಂದನ್ನೂ ಓದಿಸಿ, ಉಚ್ಚಾರ ತಿದ್ದುತ್ತಾ ಹೋದರು ಮೇಡಂ. ಹನ್ನೊಂದನೆಯದಕ್ಕೆ ಬಂದಾಗ ರಾಜಲಕ್ಷ್ಮಮ್ಮ ಓದದೆ ಹಾಳೆಯನ್ನು ಮೇಡಂ ಕಡೆ ಸರಿಸಿದರು. ಮೇಡಂ ತಾವೇ ಹಾಳೆ ತೆಗೆದುಕೊಂಡು ಓದಿದರು: ನನ್ನ ಮಗ ಸಾಯುವಾಗ ಅವನಿಗೆ ಯಾರಾದರೂ ನೀರು ಕೊಟ್ಟರೇ?

ಮೇಡಂ ಹಾಳೆ ಹಿಂದೆ ಕೊಟ್ಟು, ಇದರಲ್ಲಿ ತಿದ್ದುವುದು ಏನೂ ಇಲ್ಲ, ಎಂದರು. ಆಮೇಲೆ ಎದ್ದು ಬಂದು ಅವರ ಭುಜ ಹಿಡಿದುಕೊಂಡು, ಉತ್ತರ ಪುಸ್ತಕದ ಭಾಷೆಯಲ್ಲಿ ಬರುವುದಿಲ್ಲ, ಹಳ್ಳಿಯ ಮಾತಿನಲ್ಲಿ ಬರುತ್ತದೆ, ನಿಧಾನವಾಗಿ ಹೇಳಿ ಎಂದು ಕೇಳಿಕೊಳ್ಳಿ, ನಾಚಿಕೆಪಡಬೇಡಿ, ಎಂದರು.

ಉಳಿದದ್ದು ಅಜ್ಜಿಯ ನಂಬರ್. ಅದಕ್ಕಾಗಿ ಅಲೆಸ್ಯಾಳಿಗೆ ಫೋನ್ ಮಾಡಬೇಕಾಯಿತು. ಅವಳು ಶಾರ್ಲೆಟ್ಟಿಗೆ ಹೋದಾಗಿನಿಂದ ಮಾತಿರಲಿಲ್ಲ.

"ಅವಳಿಗೆ ಕಿವಿ ಮಂದವಾಗಿದೆ ಅಮ್ಮಾ," ಎಂದಳು ಅಲೆಸ್ಯಾ. "ಬೇಡ. ನನ್ನನ್ನೇ ಕೇಳಿ."

"ನಿನ್ನನ್ನ ಕೇಳಿದ್ದೆ."

ಆ ಕಡೆ ಅಳು ಕೇಳಿಸಿತು. ಆದರೂ ಅಂಕಿಗಳನ್ನು ಒಂದೊಂದಾಗಿ ಹೇಳಿದಳು. ರಾಜಲಕ್ಷ್ಮಮ್ಮ ಬರೆದುಕೊಂಡು, ಥ್ಯಾಂಕ್ಸ್ ಕೂಡ ಹೇಳದೆ ಫೋನ್ ಇಟ್ಟರು.

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ, ಅಲ್ಲಿ ಸಂಜೆಯ ಹೊತ್ತಿಗೆ, ಕಾಲಿಂಗ್ ಕಾರ್ಡಿನ ನಂಬರ್ ಒತ್ತಿ ಅಡುಗೆಮನೆಯ ಮೇಜಿನ ಮುಂದೆ ಕೂತರು. ಎದುರಿಗೆ ದತ್ತಾತ್ರೇಯರು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ಆ ಕೆಲಸ ಅವರು ಜನ್ಮದಲ್ಲಿ ಮಾಡಿದವರಲ್ಲ. ನಡುಮನೆಗೆ ಹೋಗಿ ಎಂದರೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಫೋನ್ ಎತ್ತಿದ ಬಾಬಾ ಸ್ತೇಫಾರ ಮೊದಲ ಮೂರು ವಾಕ್ಯದಲ್ಲಿ ಒಂದು ಪದವೂ ತಿಳಿಯಲಿಲ್ಲ. ಎರಡು ವರ್ಷ ಮಣ್ಣುಪಾಲಾಯಿತೇ? "ನಿಧಾನ, ಬಾಬಾ, ನಿಧಾನ" ಎಂದು ಅವರ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದರು. ನಾನು ಚಿರಾಗನ ತಾಯಿ ಎಂದರು. ಆಮೇಲೆ ಬಾಬಾ, ಕಿವುಡರ ಜೊತೆ ಆಡುವ ಹಾಗೆ, ಪದ ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ಈಗ ತಿಳಿಯಿತು. ಎಲ್ಲ ಅಲ್ಲದಿದ್ದರೂ ಮುಕ್ಕಾಲು ಪಾಲು ತಿಳಿಯಿತು.

ರಾಜಲಕ್ಷ್ಮಮ್ಮ ಹಾಳೆ ನೋಡಿಕೊಂಡು ಮೊದಲ ಪ್ರಶ್ನೆ ಕೇಳಿದರು, ಎರಡನೆಯದು ಕೇಳಿದರು. ಮೂರನೆಯದು, ಹಸು ಎಷ್ಟಿವೆ ಎಂದಾಗ, ಬಾಬಾ ರೇಗಿದರು.

"ಮಗ ಸತ್ತು ಎರಡು ವರ್ಷಕ್ಕೆ ಫೋನ್ ಮಾಡಿ ನನ್ನ ಹಸು ಎಷ್ಟು ಅಂತ ಕೇಳ್ತೀಯಾ ಮಗಳೇ? ಕೇಳಬೇಕಾದ್ದನ್ನ ಕೇಳು."

ಹಾಳೆ ಮಡಿಸಿಟ್ಟು ಹನ್ನೊಂದನೆಯದನ್ನು ಕೇಳಿದರು.

"ಇಲ್ಲ," ಎಂದರು ಬಾಬಾ. "ಕೊಡಲಿಲ್ಲ."

ಆಮೇಲೆ ಹೇಳಿದರು. ನಡುನಡುವೆ ರಾಜಲಕ್ಷ್ಮಮ್ಮ ಇನ್ನೊಮ್ಮೆ ಹೇಳಿ ಎಂದು ಕೇಳಿಕೊಂಡರು, ಬಾಬಾ ಇನ್ನೊಮ್ಮೆ ಹೇಳಿದರು. ಪಕ್ಕದ ಊರಿನ ನರ್ಸು ಫೋನಿನಲ್ಲಿ ಹೊಟ್ಟೆಯ ಕಾಯಿಲೆ, ಒಂದು ತೊಟ್ಟೂ ನೀರು ಬಿಡಬೇಡ, ಬಿಟ್ಟರೆ ಆಪರೇಷನ್ ಮಾಡಕ್ಕಾಗಲ್ಲ ಎಂದಿದ್ದಳು. ಹುಡುಗ ನೀರು ಕೇಳಿದ. ಅಲೆಸ್ಯಾ ಕಲಿಸಿದ್ದ ಮಾತಿನಲ್ಲಿ ಕೇಳಿದ, ಕೈಸನ್ನೆ ಮಾಡಿ ಕೇಳಿದ. ಎಷ್ಟು ಸಲ ಎಂದು ಬಾಬಾ ಎಣಿಸಲಿಲ್ಲ. ಬಾವಿಯಿಂದ ಸೇದಿ ತಂದ ನೀರಿನ ಬಕೆಟ್ಟು ಬಾಗಿಲ ಹತ್ತಿರವೇ ಇತ್ತು. ಅವನು ಅದನ್ನೇ ನೋಡುತ್ತಿದ್ದ.

"ಅವನ ಕಣ್ಣಿಗೆ ಬೀಳೋದು ಬೇಡ ಅಂತ ಬಕೆಟ್ಟು ಎತ್ತಿಕೊಂಡು ಹೊರಗೆ ಇಡಕ್ಕೆ ಹೋದೆ," ಎಂದರು ಬಾಬಾ. "ಇಟ್ಟು ಒಳಗೆ ಬಂದೆ. ಜೀವ ಇರಲಿಲ್ಲ. ನಿನಗೆ ಹೇಳಬೇಡ ಅಂದಿದ್ದಳು ಅಲೆಸ್ಯಾ, ನೀನು ಬದುಕಲ್ಲ ಅಂತ. ಆದರೆ ನೀನು ಕೇಳಿದೆ. ಕೇಳಿದವಳು ತಾಯಿ. ಶಾಪ ಹಾಕೋದಿದ್ದರೆ ಹಾಕು. ನನಗೆ ಸಾಕಾಗಿದೆ."

ಅಯ್ಯೋ ಪಾಪಿ, ಒಂದು ತೊಟ್ಟು ನೀರಿಗೆ ಗತಿಯಿಲ್ಲದೆ ಕಳಿಸಿದೆಯಲ್ಲೇ! ಕನ್ನಡದಲ್ಲಾಗಿದ್ದರೆ ಈ ಮಾತು ಬಾಯಿಂದ ಹಾರಿಯೇ ಹೋಗುತ್ತಿತ್ತು. ಎರಡು ವರ್ಷದಿಂದ ಕಾದು ಕೂತಿದ್ದ ಮಾತು ಅದು. ಆದರೆ ಈ ಭಾಷೆಯಲ್ಲಿ ಒಂದೊಂದು ಪದವನ್ನೂ ಹುಡುಕಿ ತರಬೇಕಾಗಿತ್ತು. ಹುಡುಕುತ್ತಿರುವಷ್ಟರಲ್ಲಿ ರಾಜಲಕ್ಷ್ಮಮ್ಮನಿಗೆ ತಾವು ಕೆಲಸ ಮಾಡಿದ ಆಸ್ಪತ್ರೆಯ ವಾರ್ಡುಗಳು ಕಣ್ಣ ಮುಂದೆ ಬಂದವು. ಹೊಟ್ಟೆ ಹಿಡಿದುಕೊಂಡು ನೀರು ನೀರು ಎಂದು ಗೋಗರೆದವರು ಎಷ್ಟು ಜನ! ಸಿರಿಂಜು ಹಿಡಿದು ಹೋದ ಇವರೂ ಕೊಡಬಾರದು ಎಂದು ಹೇಳಿ ಬಂದವರೇ. ನಾನು ಆ ಹಳ್ಳಿಮನೆಯಲ್ಲಿದ್ದಿದ್ದರೆ? ಚಿರಾಗ ನನ್ನನ್ನೇ ಕೇಳಿದ್ದರೆ? ಬದುಕಿಸಿಕೊಳ್ಳುವ ಆಸೆ ಇರುವವಳು ಯಾರು ತಾನೇ ಕೊಡುತ್ತಾಳೆ? ಆ ಉತ್ತರ ಗೊತ್ತಿದ್ದೂ ಎರಡು ವರ್ಷ ಅದರ ಕಡೆ ತಿರುಗಿಯೂ ನೋಡಿರಲಿಲ್ಲ.

"ಬಾಬಾ," ಎಂದರು. ವಿಭಕ್ತಿ ತಪ್ಪಿತು, ಕ್ರಿಯಾಪದ ತಪ್ಪಿತು, ಹಾಗೇ ಹೇಳಿದರು. "ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡಿದವಳು. ನರ್ಸು ಹೇಳಿದ್ದು ಸರಿ. ನಾನಿದ್ದಿದ್ದರೂ ಕೊಡ್ತಿರಲಿಲ್ಲ."

ಆಗ ಬಾಬಾ ಇನ್ನೊಂದು ಮಾತು ಕೇಳಿದರು. ಅದನ್ನು ಅರ್ಥ ಮಾಡಿಕೊಳ್ಳಲು ರಾಜಲಕ್ಷ್ಮಮ್ಮ ಮೂರು ಸಲ ಹೇಳಿಸಿಕೊಳ್ಳಬೇಕಾಯಿತು. ಅವರ ಕಡೆ ಮನೆಯಲ್ಲಿ ಸಾವಾದರೆ, ಹೋದ ಜೀವಕ್ಕೆಂದು ಕಿಟಕಿಯಲ್ಲಿ ಒಂದು ಲೋಟ ನೀರು ಇಡುತ್ತಾರೆ. ನಲವತ್ತು ದಿನ. ಆಮೇಲೆ ಚೆಲ್ಲಿ ಲೋಟ ತೆಗೆದಿಡಬೇಕು.

"ನಾನು ತೆಗೆದಿಲ್ಲ," ಎಂದರು ಬಾಬಾ. "ದಿನಾ ಬೆಳಿಗ್ಗೆ ಹೊಸ ನೀರು ಸೇದಿ ಇಡ್ತೀನಿ. ಜ್ವರ ಬಂದಾಗಲೂ ಇಟ್ಟಿದ್ದೀನಿ. ಜೀವವನ್ನ ಕಟ್ಟಿಹಾಕಿ ಕೂರಿಸಿದ್ದೀಯ ಅಂತ ಪಾದ್ರಿ ಬೈತಾರೆ. ನನಗೆ ತೆಗೆಯಕ್ಕೆ ಕೈ ಬರಲ್ಲ. ನೀನು ತಾಯಿ. ಏನು ಮಾಡಲಿ, ನೀನೇ ಹೇಳು."

ರಾಜಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡರು. ಕಾಣದ ಊರಿನ ಕಾಣದ ಮುದುಕಿಯೊಬ್ಬಳು, ಹಿಮದಲ್ಲಿ ಬಾವಿಗೆ ಹೋಗಿ, ತಮ್ಮ ಮಗನಿಗಾಗಿ ಏಳುನೂರು, ಎಂಟುನೂರು ದಿನ ನೀರು ಸೇದಿದ್ದಾಳೆ. ಹೊಟ್ಟೆಯೊಳಗಿಂದ ಎದ್ದು ಬಂದ ಅಳುವನ್ನು ಹಲ್ಲು ಕಚ್ಚಿ ತಡೆದುಕೊಂಡರು, ಮಾತು ಸ್ಪಷ್ಟವಾಗಿ ಬರಬೇಕಾಗಿತ್ತಲ್ಲ.

"ತೆಗೀರಿ ಬಾಬಾ. ಅವನು ಕುಡಿದಿದ್ದಾನೆ."

"ಕುಡಿದನಾ?"

"ಕುಡಿದ."

ಬಾಬಾ ರಿಸೀವರನ್ನು ಪಕ್ಕಕ್ಕಿಟ್ಟ ಸದ್ದು ಕೇಳಿಸಿತು. ಕಾಲೆಳೆದುಕೊಂಡು ಹೋದ ಸದ್ದು, ಕಿಟಕಿಯ ಚಿಲಕ ತೆಗೆದ ಸದ್ದು. ಅಷ್ಟರಲ್ಲಿ ಕಾರ್ಡಿನ ನಿಮಿಷ ಮುಗಿದು ಲೈನ್ ಕಟ್ಟಾಯಿತು.

ದತ್ತಾತ್ರೇಯರ ಮುಂದೆ ಹುರುಳಿಕಾಯಿ ಹಾಗೆಯೇ ಬಿದ್ದಿತ್ತು. ತಿಳಿದುಕೊಂಡು ಏನು ಮಾಡುತ್ತೀಯ ಎಂದಿದ್ದ ಮನುಷ್ಯ ಈಗ ಹೆಂಡತಿಯ ಬಾಯನ್ನೇ ನೋಡುತ್ತಿದ್ದರು.

"ರಾಜಿ, ನೀರು..."

"ದಿನಾ ಕೊಟ್ಟಿದ್ದಾರಂತೆ ಕಣ್ರೀ," ಎಂದರು ರಾಜಲಕ್ಷ್ಮಮ್ಮ. "ಎರಡು ವರ್ಷದಿಂದ, ಒಂದು ದಿನವೂ ತಪ್ಪಿಸದೆ."

ದತ್ತಾತ್ರೇಯರು ಮೇಜಿನ ಮೇಲೆ ತಲೆಯಿಟ್ಟು, ಮಗ ಹೋದ ದಿನವೂ ಅಳದವರು, ಗಟ್ಟಿಯಾಗಿ ಅತ್ತರು. ರಾಜಲಕ್ಷ್ಮಮ್ಮ ಒಂದು ಕೈಯನ್ನು ಅವರ ಬೆನ್ನ ಮೇಲಿಟ್ಟುಕೊಂಡೇ, ಇನ್ನೊಂದು ಕೈಯಿಂದ ಶಾರ್ಲೆಟ್ಟಿನ ನಂಬರ್ ಒತ್ತಿದರು.